ವಾಗ್ದಾನದ ಕಾರ್ಡು ಮತ್ತು ಪೂರ್ತಿ ಪತ್ರ

ಮನೆಮನೆಗೆ ಹೋಗಿ ರೋಗಿಗಳಿಗಾಗಿ ಪ್ರಾರ್ಥಿಸುವ ನಮ್ಮ ಸಭೆಗಳ ಪ್ರಾರ್ಥನಾ ಗುಂಪಿನವರಿಗೆ ಒಂದು ಬಹಿರಂಗ ಪತ್ರ

ಕರ್ತನಲ್ಲಿ ಪ್ರಿಯರಾದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಡಾಕ್ಟರು ರೌಂಡ್ಸ್ ಮುಗಿಸಿ ಹೋದ ಮೇಲೆ, ನೆಂಟರು ಹಣ್ಣಿನ ಚೀಲ ಇಟ್ಟು ಬಸ್ಸಿಗೆ ಹೊತ್ತಾಯಿತೆಂದು ಹೊರಟ ಮೇಲೆ, ರೋಗಿಯ ಪಕ್ಕದ ಸ್ಟೂಲಿನಲ್ಲಿ ಉಳಿಯುವವರು ಹೆಚ್ಚಿನ ಸಲ ನೀವೇ. ನರ್ಸ್ ಆಗಿ ಬಾಳಿನ ಬಹುಭಾಗ ವಾರ್ಡಿನಲ್ಲಿ ಕಳೆದವಳು ನಾನು. ಯಾರೂ ಬಾರದ ಹಾಸಿಗೆ ಎಷ್ಟು ತಣ್ಣಗಿರುತ್ತದೆ ಎಂಬುದು ನನಗೆ ಗೊತ್ತು. ಆದ್ದರಿಂದ ನಿಮ್ಮ ಸೇವೆಯ ಬೆಲೆ ತಿಳಿಯದೆ ಈ ಮಾತು ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ನಿಮ್ಮ ಪ್ರಾರ್ಥನೆಯಿಂದ ಧೈರ್ಯ ಬಂದು ಆಪರೇಷನ್‌ಗೆ ಒಪ್ಪಿದವರನ್ನು ಕಂಡಿದ್ದೇನೆ. ನೀವು ಹಾಡಿದ ಹಾಡು ಕೇಳುತ್ತ ಸಮಾಧಾನದಿಂದ ಕಣ್ಣು ಮುಚ್ಚಿದವರನ್ನೂ ಕಂಡಿದ್ದೇನೆ.

ಆದರೆ ಈಚೆಗೆ ಹಾಸಿಗೆಯ ಪಕ್ಕದಲ್ಲಿ ನಿಂತು ನಾವು ಆಡುವ ಕೆಲವು ಮಾತುಗಳು ನನ್ನನ್ನು ಸುಮ್ಮನಿರಲು ಬಿಡುತ್ತಿಲ್ಲ. ‘ನಂಬಿದರೆ ಆಗೇ ಆಗುತ್ತದೆ’, ‘ಮಾತ್ರೆ ತಗೊಂಡರೆ ನಂಬಿಕೆ ಎಲ್ಲಿ ಬಂತು?’, ‘ಎಲ್ಲೋ ಸಂಶಯ ಉಳಿದಿದೆ, ಅದಕ್ಕೇ ಉತ್ತರ ಬಂದಿಲ್ಲ’ ಎಂಬಂಥ ಮಾತುಗಳು. ಇವು ಎಲ್ಲ ಪಂಗಡಗಳಲ್ಲೂ ಕೇಳಿಬರುತ್ತಿವೆ. ಹೇಳುವವರಿಗೆ ಕೆಟ್ಟ ಉದ್ದೇಶವಿಲ್ಲ. ಕೇಳಿಸಿಕೊಂಡವರ ಮೇಲೆ ಏನಾಗುತ್ತದೆ ಎಂಬುದನ್ನು ಮಾತ್ರ ಹೇಳುವವರು ಕಾಣುವುದಿಲ್ಲ. ಅಷ್ಟು ಹೊತ್ತಿಗೆ ಅವರು ಮುಂದಿನ ಮನೆಗೆ ಹೋಗಿರುತ್ತಾರೆ.

ದೇವರಲ್ಲಿ ಭರವಸೆ ಇಡುವುದು ಅಂದರೇನು ಎಂದು ಕೂತು ಮಾತಾಡೋಣ. ಅದಕ್ಕೆ ನಮ್ಮೆಲ್ಲರ ಮನೆಯಲ್ಲೂ ಇರುವ ಒಂದು ವಚನದಿಂದಲೇ ಶುರುಮಾಡುತ್ತೇನೆ.

ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ತಟ್ಟೆ ತುಂಬ ವಾಗ್ದಾನದ ಕಾರ್ಡುಗಳು ಬರುತ್ತವೆ. ಒಬ್ಬೊಬ್ಬರೂ ಒಂದೊಂದು ಎತ್ತಿಕೊಂಡು, ಹೊಸ ವರ್ಷಕ್ಕೆ ದೇವರು ನನಗೆ ಕೊಟ್ಟ ಮಾತು ಇದು ಎಂದು ಬೈಬಲ್ಲಿನೊಳಗೆ ಇಟ್ಟುಕೊಳ್ಳುತ್ತೇವೆ. ಆ ತಟ್ಟೆಯಲ್ಲಿ ತಪ್ಪದೆ ಇರುವುದು ಯೆರೆಮೀಯನ 29ನೇ ಅಧ್ಯಾಯದ 11ನೇ ವಚನ. ದೇವರು ನಮ್ಮ ವಿಷಯದಲ್ಲಿ ಯೋಚಿಸುತ್ತಿರುವುದು ಕೇಡನ್ನಲ್ಲ, ಒಳಿತನ್ನೇ. ಮುಂದೆ ನಿರೀಕ್ಷೆ ಇದೆ ಎಂಬುದು ಅದರ ತಾತ್ಪರ್ಯ. ಗೋಡೆಯ ಕ್ಯಾಲೆಂಡರಿನಲ್ಲಿ, ಮದುವೆಯ ಕರೆಯೋಲೆಯಲ್ಲಿ, ಮೊಬೈಲ್ ಸ್ಟೇಟಸ್ಸಿನಲ್ಲಿ ಅದೇ. ಪರೀಕ್ಷೆಗೆ ಹೊರಟ ಮಗುವಿಗೂ ಅದೇ, ಕೀಮೋಗೆ ಹೊರಟ ತಾಯಿಗೂ ಅದೇ.

ಆ ವಚನ ಒಂದು ಪತ್ರದ ನಡುವಿನ ಸಾಲು. ಪತ್ರವನ್ನು ಪೂರ್ತಿ ಓದುವವರು ಕಡಿಮೆ. ಓದಿದರೆ ಕಾರ್ಡಿನ ಮಾತು ಸುಳ್ಳಾಗುವುದಿಲ್ಲ, ಇನ್ನೂ ಭಾರವಾಗುತ್ತದೆ.

ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮನ್ನು ವಶಪಡಿಸಿಕೊಂಡ. ಹದಿನೆಂಟರ ಹರೆಯದ ಅರಸ ಯೆಹೋಯಾಖೀನ, ಅವನ ತಾಯಿ, ಅರಮನೆಯ ಅಧಿಕಾರಿಗಳು, ಕಮ್ಮಾರರು, ಕುಶಲಕರ್ಮಿಗಳು ಎಲ್ಲರೂ ಸೆರೆಯಾಗಿ ದೂರದ ಬಾಬೆಲಿಗೆ ಹೋದರು. ಊರು ಹೋಯಿತು, ದೇವಾಲಯ ದೂರವಾಯಿತು, ದೇವರು ಕೈಬಿಟ್ಟನೋ ಎಂಬ ಅನುಮಾನ ಬಂತು. ಆ ಜನಕ್ಕೆ ಯೆರೂಸಲೇಮಿನಲ್ಲೇ ಉಳಿದಿದ್ದ ಪ್ರವಾದಿ ಯೆರೆಮೀಯ ಬರೆದ ಪತ್ರ ಅದು. ಯೆಹೋಯಾಖೀನನ ಬಳಿಕ ಪಟ್ಟಕ್ಕೆ ಬಂದ ಅರಸ ಚಿದ್ಕೀಯ ಬಾಬೆಲಿಗೆ ಕಳಿಸಿದ ದೂತರಾದ ಎಲ್ಲಾಸ ಮತ್ತು ಗೆಮರ್ಯ ಎಂಬವರ ಕೈಯಲ್ಲಿ ಅದು ಹೋಯಿತು.

ಪತ್ರದಲ್ಲಿ ಮೊದಲು ಏನಿದೆ ಗೊತ್ತೇ? ಮನೆ ಕಟ್ಟಿಕೊಳ್ಳಿ. ತೋಟ ಹಾಕಿ, ಅದರ ಫಲ ತಿನ್ನಿ. ಮದುವೆಯಾಗಿ, ಮಕ್ಕಳಿಗೂ ಮದುವೆ ಮಾಡಿಸಿ. ನಿಮ್ಮನ್ನು ಸೆರೆಗೊಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೂ ಪ್ರಾರ್ಥಿಸಿ. ಬೇಗ ಬಿಡುಗಡೆ ಎಂದು ಕನಸು ಹೇಳುವವರನ್ನು ನಂಬಬೇಡಿ. ದೇವರು ನಿಮ್ಮನ್ನು ತಿರುಗಿ ಕರೆತರುವುದು ನಿಜ, ಆದರೆ 70 ವರ್ಷದ ಮೇಲೆ. ಇಷ್ಟೆಲ್ಲ ಹೇಳಿದ ಬಳಿಕವೇ ನಮ್ಮ ಕಾರ್ಡಿನ ವಚನ ಬರುತ್ತದೆ.

ಎಪ್ಪತ್ತು ವರ್ಷ! ಆ ಪತ್ರವನ್ನು ಓದಿಸಿ ಕೇಳಿದ ಮೂವತ್ತರ ಗಂಡಸು, ಇಪ್ಪತ್ತೈದರ ಹೆಂಗಸು ಅದರ ಅರ್ಥವನ್ನು ತಕ್ಷಣ ಗ್ರಹಿಸಿರಬೇಕು: ನಾನು ಊರು ನೋಡುವುದಿಲ್ಲ. ನನ್ನ ಮೊಮ್ಮಗ ನೋಡಿಯಾನು. ‘ಒಳಿತಿನ ಯೋಚನೆ’ ಎಂಬ ಮಾತನ್ನು ಅವರು ಕೇಳಿದ್ದು ಆ ಅರಿವಿನೊಂದಿಗೆ. ಹಾಗಾದರೆ ಅವರಿಗೆ ಕೊಟ್ಟ ಭರವಸೆ ಯಾವುದು? ನಿಮ್ಮ ಕಷ್ಟ ಇಂಥ ತಾರೀಕಿಗೆ ಮುಗಿಯುತ್ತದೆ ಎಂಬುದಂತೂ ಅಲ್ಲ. ಮುಗಿಯದ ಕಷ್ಟದ ನಡುವೆಯೂ ನೀವು ನನ್ನವರೇ. ಅಲ್ಲಿಂದಲೇ ನನ್ನನ್ನು ಕೂಗಿ, ನಾನು ಸಿಗುತ್ತೇನೆ ಎಂಬುದು. ದೇವಾಲಯವಿಲ್ಲದ ನಾಡಿನಲ್ಲಿ ದೇವರು ಸಿಗುತ್ತಾನೆ ಎಂಬುದು ಆ ಕಾಲಕ್ಕೆ ಸಣ್ಣ ಸುದ್ದಿಯಾಗಿರಲಿಲ್ಲ.

ಆ ಜನ ಪತ್ರದ ಮಾತಿನಂತೆಯೇ ಬಾಳಿದರೆಂಬುದಕ್ಕೆ ಮಣ್ಣಿನಡಿಯಿಂದ ಪುರಾವೆ ಬಂದಿದೆ. ಬಾಬೆಲಿನ ಅವಶೇಷಗಳಲ್ಲಿ ಸಿಕ್ಕ ಮಣ್ಣಿನ ಫಲಕಗಳಲ್ಲಿ ಯೆಹೋಯಾಖೀನನಿಗೂ ಅವನ ಐವರು ಮಕ್ಕಳಿಗೂ ಅರಮನೆಯಿಂದ ಅಳೆದುಕೊಟ್ಟ ಎಣ್ಣೆಯ ಪಡಿಯ ಲೆಕ್ಕ ಇದೆ. ಬಾಬಿಲೋನಿಯದಲ್ಲಿ ಯೂದಾಯದವರ ಹೆಸರಿನದೇ ಒಂದು ಊರು ಇತ್ತು. ಅಲ್ಲಿಯ ಮತ್ತು ಸುತ್ತಲಿನ ನೂರರಷ್ಟು ಫಲಕಗಳು 2014ರಲ್ಲಿ ಪುಸ್ತಕವಾಗಿ ಪ್ರಕಟವಾದವು. ಅವುಗಳಲ್ಲಿ ಪವಾಡದ ಸಾಕ್ಷಿಗಳಿಲ್ಲ. ಗೇಣಿ, ಸಾಲ, ತೆರಿಗೆ, ಬಾರ್ಲಿ, ಖರ್ಜೂರದ ಲೆಕ್ಕಗಳಿವೆ. ಆ ಒಣ ಲೆಕ್ಕಗಳಲ್ಲಿ ಯೆಹೋವನ ಹೆಸರನ್ನು ತಮ್ಮ ಹೆಸರಿನೊಳಗೆ ಇಟ್ಟುಕೊಂಡ ಜನರಿದ್ದಾರೆ. ಸೋತು ಸೆರೆಬಂದವರು ಮಕ್ಕಳಿಗೆ ಇನ್ನೂ ಆ ದೇವರ ಹೆಸರನ್ನೇ ಇಡುತ್ತಿದ್ದರು, ತೆರಿಗೆಯನ್ನೂ ಕಟ್ಟುತ್ತಿದ್ದರು. ಭರವಸೆ ಹೊರಗಿನಿಂದ ನೋಡಿದರೆ ಹೆಚ್ಚಾಗಿ ಹೀಗೇ, ಸಾಮಾನ್ಯ ಸಂಸಾರದ ಹಾಗೇ ಕಾಣುತ್ತದೆ.

ಆದರೆ ಆ ಕಾಲದ ಜನಕ್ಕೆ ಯೆರೆಮೀಯನಿಗಿಂತ ಹಿಡಿಸಿದ ಪ್ರವಾದಿ ಬೇರೊಬ್ಬನಿದ್ದ. ಗಿಬ್ಯೋನಿನ ಹನನ್ಯ. ಹಿಂದಿನ ಅಧ್ಯಾಯವನ್ನು ತೆರೆದು ನೋಡಿ. ಬಾಬೆಲಿನ ಆಳಿಕೆಗೆ ತಲೆಬಾಗಬೇಕು ಎಂದು ತೋರಿಸಲು ಯೆರೆಮೀಯ ಕೊರಳಿಗೆ ಮರದ ನೊಗ ಹಾಕಿಕೊಂಡು ತಿರುಗುತ್ತಿದ್ದ. ದೇವಾಲಯದಲ್ಲಿ, ಯಾಜಕರ ಮತ್ತು ಎಲ್ಲ ಜನರ ಎದುರಿಗೆ ಹನನ್ಯ ಸಾರಿದ: ಎರಡೇ ವರ್ಷ, ಎಲ್ಲರೂ ಹಿಂದಿರುಗುತ್ತಾರೆ! ಅವನು ಮಾತಾಡಿದ್ದೂ ಯೆಹೋವನ ಹೆಸರಿನಲ್ಲೇ. ಧ್ವನಿಯಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ನಮ್ಮ ಅಳತೆಯಿಂದ ಅಳೆದರೆ ಆ ದಿನ ಹೆಚ್ಚು ನಂಬಿಕೆಯವನಾಗಿ ಕಂಡದ್ದು ಹನನ್ಯನೇ, ಯೆರೆಮೀಯ ಅಲ್ಪವಿಶ್ವಾಸಿ.

ಯೆರೆಮೀಯ ಏನೆಂದ ಗೊತ್ತೇ? ಆಮೆನ್, ಹಾಗೇ ಆಗಲಿ ಎಂದ. ಅವನಿಗೂ ಅದೇ ಬೇಕಿತ್ತು. ಆದರೆ ಬೇಕು ಅನ್ನಿಸುವುದಕ್ಕೂ ದೇವರು ಮಾತು ಕೊಟ್ಟಿದ್ದಾನೆ ಅನ್ನುವುದಕ್ಕೂ ನಡುವೆ ಇರುವ ಗೆರೆಯನ್ನು ಅವನು ಅಳಿಸಲಿಲ್ಲ. ಹನನ್ಯ ನೊಗವನ್ನು ಕಿತ್ತು ಮುರಿದು ಹಾಕಿದಾಗ ಸುಮ್ಮನೆ ತನ್ನ ದಾರಿ ಹಿಡಿದು ಹೋದ. ಹಿಂದಿರುಗಿ ಬಂದು ದೇವರ ಮಾತು ತಿಳಿಸಿದ್ದು ಆಮೇಲೆ: ಹನನ್ಯ ಮರದ ನೊಗ ಮುರಿದು ಅದರ ಜಾಗಕ್ಕೆ ಕಬ್ಬಿಣದ ನೊಗ ತಂದ, ಈ ಜನ ಸುಳ್ಳನ್ನು ನಂಬುವಂತೆ ಮಾಡಿದ.

ಈ ಕೊನೆಯ ಮಾತನ್ನು ನಾವು ಒಂದಿಷ್ಟು ಹೊತ್ತು ಎದುರಿಗಿಟ್ಟುಕೊಳ್ಳಬೇಕು. ನಂಬಿಕೆ ಗಟ್ಟಿಯಾಗಿದ್ದರೆ ಸಾಲದು. ಸುಳ್ಳನ್ನೂ ಗಟ್ಟಿಯಾಗಿ ನಂಬಬಹುದು; ದೇವರ ಹೆಸರಿನಲ್ಲೇ ನಂಬಬಹುದು; ನಂಬಿದವರ ಕೊರಳಿಗೆ ಅದು ಕಬ್ಬಿಣವಾಗಬಹುದು.

ವಾರ್ಡಿನಲ್ಲಿ ಆ ಕಬ್ಬಿಣವನ್ನು ಕಂಡಿದ್ದೇನೆ. ಹೈಸ್ಕೂಲು ಹುಡುಗಿ, ಚಿಕ್ಕಂದಿನಿಂದಲೂ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಮನೆಯಲ್ಲಿ ಮೂರು ದಿನದ ಉಪವಾಸ ಪ್ರಾರ್ಥನೆ ಇಟ್ಟುಕೊಂಡರು. ಸೂಜಿ ಮುಟ್ಟದೆ ನಂಬಿಕೆ ತೋರಿಸಬೇಕು ಎಂದು ಯಾರೋ ಹೇಳಿದರಂತೆ, ತಾಯಿ ಒಪ್ಪಿದಳಂತೆ. ಮೂರನೆಯ ದಿನ ರಾತ್ರಿ ಆಟೋದಲ್ಲಿ ತಂದರು. ನಾಲಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಓಡಿ ಬಂದವಳಂತೆ ಆಳವಾಗಿ, ದೊಡ್ಡದಾಗಿ ಉಸಿರೆಳೆಯುತ್ತಿದ್ದಳು. ಕೊಳೆಯತೊಡಗಿದ ಹಣ್ಣಿನ ವಾಸನೆ ಆ ಉಸಿರಿನಲ್ಲಿ. ಆ ವಾಸನೆಯ ಅರ್ಥ ಯಾವ ನರ್ಸಿಗೂ ಗೊತ್ತು: ಇನ್ಸುಲಿನ್ ಇಲ್ಲದೆ ದೇಹ ಸಕ್ಕರೆಯನ್ನು ಬಳಸಲಾರದೆ ಕೊಬ್ಬನ್ನು ಕರಗಿಸುತ್ತಿದೆ, ರಕ್ತ ಆಮ್ಲವಾಗುತ್ತಿದೆ, ಇನ್ನು ಗಂಟೆಗಳ ಲೆಕ್ಕ. ಡ್ರಿಪ್ ಹಾಕಿ, ಇನ್ಸುಲಿನ್ ಕೊಟ್ಟು, ರಾತ್ರಿಯಿಡೀ ರಕ್ತ ಪರೀಕ್ಷೆ ಮಾಡುತ್ತ ಕೂತೆವು. ಬದುಕಿದಳು. ಮುಂದೆ ಒಂದು ಕೂಟದಲ್ಲಿ ಅವಳ ಸಾಕ್ಷಿ ಹೇಳಿದರೆಂದು ಕೇಳಿದೆ. ದೇವರು ಮಾಡಿದ ಅದ್ಭುತ ಅದರಲ್ಲಿತ್ತು. ಇನ್ಸುಲಿನ್ ಇರಲಿಲ್ಲ.

ಕ್ಷಯದ ವಿಷಯವೂ ಇದೇ. ಸಾಮಾನ್ಯ ಕ್ಷಯಕ್ಕೆ 6 ತಿಂಗಳು ಮಾತ್ರೆ ನುಂಗಬೇಕು. ಎರಡು ತಿಂಗಳಾಗುವಷ್ಟರಲ್ಲಿ ಕೆಮ್ಮು ನಿಲ್ಲುತ್ತದೆ, ಮೈಗೆ ತೂಕ ಬರುತ್ತದೆ. ಆಗ ಯಾರಾದರೂ ಬಂದು, ದೇವರು ಗುಣಪಡಿಸಿದ ಮೇಲೆ ಮಾತ್ರೆ ಯಾಕೆ ಎಂದರೆ, ಮಾತ್ರೆಯಿಂದ ಬೇಸತ್ತಿದ್ದ ರೋಗಿಗೆ ಅದು ಹಿತವಾಗಿಯೇ ಕೇಳಿಸುತ್ತದೆ. ಒಳಗೆ ಉಳಿದ ರೋಗಾಣು ಸುಮ್ಮನಿರುವುದಿಲ್ಲ. ಔಷಧಕ್ಕೆ ಬಗ್ಗದ ರೂಪದಲ್ಲಿ ತಿರುಗಿ ಬರಬಹುದು, ಮನೆಯವರಿಗೂ ಹರಡಬಹುದು. ಹನನ್ಯನ ಎರಡು ವರ್ಷಕ್ಕೂ ಈ ಎರಡು ತಿಂಗಳಿಗೂ ವ್ಯತ್ಯಾಸವೇನು ಹೇಳಿ.

‘ದೇವರು ಔಷಧವಿಲ್ಲದೆ ಗುಣಪಡಿಸಲಾರನೇ?’ ಎಂದು ನೀವು ಕೇಳಬಹುದು. ಗುಣಪಡಿಸಬಲ್ಲ. ನನ್ನ ವಾದ ದೇವರ ಶಕ್ತಿಯ ಮೇಲಲ್ಲ. ಅವನನ್ನು ನಾವು ಯಾವ ಮೂಲೆಗೆ ನಿಲ್ಲಿಸುತ್ತಿದ್ದೇವೆ ಎಂಬುದರ ಮೇಲೆ. ಸೈತಾನನು ಯೇಸುಸ್ವಾಮಿಯನ್ನು ದೇವಾಲಯದ ಶಿಖರಕ್ಕೆ ಕರೆದೊಯ್ದು, ಕೆಳಗೆ ಹಾರು, ದೂತರು ಹಿಡಿದುಕೊಳ್ಳುತ್ತಾರೆ ಎಂದಾಗ ಅವನ ಬಾಯಲ್ಲಿದ್ದದ್ದು ದೇವರ ವಾಕ್ಯವೇ, 91ನೇ ಕೀರ್ತನೆಯ ವಾಗ್ದಾನವೇ. ವಾಗ್ದಾನ ಸುಳ್ಳೆಂದು ಸ್ವಾಮಿ ಹೇಳಲಿಲ್ಲ. ದೇವರನ್ನು ಪರೀಕ್ಷಿಸಬಾರದು ಎಂದರು. ಮೆಟ್ಟಿಲು ಇರುವಾಗ ಮೆಟ್ಟಿಲಿಳಿದು ಬರುವುದೇ ತಂದೆಯ ಮೇಲಿನ ಭರವಸೆ. ಹಾರುವುದು ತಂದೆ ನಿಜವಾಗಿಯೂ ಹಿಡಿಯುತ್ತಾನೋ ಎಂಬ ಅನುಮಾನದ ಪರೀಕ್ಷೆ. ಸೂಜಿ ಬಿಸಾಡಿ ಕಾಯುವವರು ಆ ಶಿಖರದ ಮೇಲೆ ನಿಂತಿರುತ್ತಾರೆ. ನಾವು ದೊಡ್ಡವರು ನಿಲ್ಲುವುದೇ ತಪ್ಪು. ಮಗುವನ್ನು ನಿಲ್ಲಿಸಲು ನಮಗೆ ಯಾರು ಅಧಿಕಾರ ಕೊಟ್ಟರು?

ಔಷಧ ನಂಬಿಕೆಯ ಎದುರಾಳಿಯಲ್ಲ ಎಂಬುದಕ್ಕೆ ಬೈಬಲ್ಲಿನಲ್ಲೇ ಉದಾಹರಣೆಗಳಿವೆ. ಅರಸ ಹಿಜ್ಕೀಯ ಸಾಯುವ ಸ್ಥಿತಿಯಲ್ಲಿದ್ದಾಗ ದೇವರು ಅವನಿಗೆ ಇನ್ನೂ 15 ವರ್ಷದ ಆಯಸ್ಸು ಕೊಡುವುದಾಗಿ ಪ್ರವಾದಿ ಯೆಶಾಯನ ಮೂಲಕ ಹೇಳಿಸಿದ. ವಾಗ್ದಾನ ಬಂದ ಮೇಲೂ ಯೆಶಾಯ ಮಾಡಿಸಿದ್ದೇನು? ಅಂಜೂರದ ಹಣ್ಣನ್ನು ಅರೆದು ಹುಣ್ಣಿಗೆ ಕಟ್ಟಿಸಿದ. ಪೌಲನ ಜೊತೆ ಊರೂರು ತಿರುಗಿದ ಲೂಕ ವೈದ್ಯ. ಹೊಟ್ಟೆನೋವಿನ ತಿಮೊಥೆಗೆ ಪೌಲ ಬರೆದದ್ದು ಉಪವಾಸ ಮಾಡೆಂದಲ್ಲ, ಔಷಧವಾಗಿ ಸ್ವಲ್ಪ ದ್ರಾಕ್ಷಾರಸ ತಗೋ ಎಂದು. ನೆಹೆಮೀಯ ಗೋಡೆ ಕಟ್ಟುವಾಗ ಶತ್ರುಗಳ ಬೆದರಿಕೆ ಬಂತು. ಅವನು ಪ್ರಾರ್ಥನೆಯನ್ನೂ ಮಾಡಿದ, ಹಗಲಿರುಳು ಕಾವಲನ್ನೂ ಹಾಕಿದ. ಒಂದು ಇನ್ನೊಂದಕ್ಕೆ ಅಡ್ಡಿ ಎಂದು ಅವನಿಗೆ ತೋರಲೇ ಇಲ್ಲ.

ನಮ್ಮ ನಾಡಿನಲ್ಲೇ ನೋಡಿ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ಶುರುಮಾಡಿದ ಫಾದರ್ ಆಗಸ್ಟಸ್ ಮುಲ್ಲರ್, 1906ರಲ್ಲಿ ಮೈಸೂರಿನಲ್ಲಿ ಹೆಂಗಸರು ಮಕ್ಕಳಿಗಾಗಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆದ ವೆಸ್ಲಿಯನ್ ಮಿಷನಿನವರು, 1923ರಲ್ಲಿ ಉಡುಪಿಯಲ್ಲಿ ಆಸ್ಪತ್ರೆ ಕಟ್ಟಿದ ಸ್ವಿಟ್ಜರ್ಲೆಂಡಿನ ಡಾಕ್ಟರಮ್ಮ ಈವಾ ಲೊಂಬಾರ್ಡ್, ಇವರೆಲ್ಲ ಪ್ರಾರ್ಥನೆ ಸಾಲದೆ ಆಸ್ಪತ್ರೆ ಕಟ್ಟಿದರೇ? ಪ್ರಾರ್ಥಿಸಿದ್ದಕ್ಕೇ ಕಟ್ಟಿದರು. ಬಾಗಿಲು ತೆರೆದದ್ದು ತಮ್ಮ ಸಭೆಯವರಿಗೆ ಮಾತ್ರವಲ್ಲ, ಊರಿಗೆಲ್ಲ. ಸೆರೆಯಿರುವ ಪಟ್ಟಣದ ಕ್ಷೇಮಕ್ಕೂ ಪ್ರಾರ್ಥಿಸಿ ಎಂದ ಆ ಪತ್ರ ಕಲ್ಲುಗಾರೆಯ ಕಟ್ಟಡವಾದದ್ದು ಹಾಗೆ.

ಇನ್ನು ಹೆಚ್ಚು ಕಷ್ಟದ ಮಾತಿಗೆ ಬರುತ್ತೇನೆ. ಔಷಧವನ್ನೂ ಕೊಟ್ಟು, ಪ್ರಾರ್ಥನೆಯನ್ನೂ ಮಾಡಿ, ಆದರೂ ರೋಗಿ ಉಳಿಯದಿದ್ದಾಗ ಏನು ಹೇಳುತ್ತೀರಿ?

ಕ್ಯಾನ್ಸರಿನಿಂದ ಗಂಡನನ್ನು ಕಳೆದುಕೊಂಡ ಒಬ್ಬ ತಾಯಿಯನ್ನು ನೋಡಲು ಹೋಗಿದ್ದೆ. ಮನೆಯಲ್ಲಿ ಜನವಿತ್ತು, ಆಕೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ತೊಳೆದ ಲೋಟಗಳನ್ನೇ ತಿರುಗಿ ತೊಳೆಯುತ್ತಿದ್ದಳು. ನನ್ನನ್ನು ಕಂಡು ನಲ್ಲಿ ನಿಲ್ಲಿಸಿ ಕೇಳಿದಳು: “ಸಿಸ್ಟರ್, ನನ್ನ ಪ್ರಾರ್ಥನೆ ಎಲ್ಲಿ ಕಮ್ಮಿ ಬಿತ್ತು?” ಬೆಳಿಗ್ಗೆ ಬಂದಿದ್ದ ಯಾರೋ ಹೇಳಿದ್ದರು, ಮನೆಯಲ್ಲಿ ಪೂರ್ತಿ ನಂಬಿಕೆ ಇದ್ದಿದ್ದರೆ ಅವರು ಎದ್ದು ಕೂರುತ್ತಿದ್ದರು ಎಂದು. ಗಂಡ ಸತ್ತ ದುಃಖವನ್ನು ಹೊರಬಹುದು, ಜನ ಹೊತ್ತಿದ್ದಾರೆ. ಗಂಡನನ್ನು ಕೊಂದವಳು ನಾನೇ ಎಂಬ ಆಲೋಚನೆಯನ್ನು ಹೊರಲಾಗದು. ಒಂದೇ ವಾಕ್ಯದಲ್ಲಿ ನಾವು ಆಕೆಯ ಗಂಡನ ಜೊತೆಗೆ ಆಕೆಯ ದೇವರನ್ನೂ ಕಿತ್ತುಕೊಂಡಿದ್ದೆವು.

ಅಪೊಸ್ತಲರ ಕೃತ್ಯಗಳ 12ನೇ ಅಧ್ಯಾಯವನ್ನು ಓದಿ. ಹೆರೋದ ಅರಸ ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಅದೇ ಹೆರೋದ ಪೇತ್ರನನ್ನೂ ಸೆರೆಗೆ ಹಾಕಿದ. ಸಭೆ ಪ್ರಾರ್ಥಿಸಿತು, ದೂತ ಬಂದು ಪೇತ್ರನ ಸರಪಳಿ ಬಿಚ್ಚಿದ. ಇಬ್ಬರೂ ಸ್ವಾಮಿಗೆ ಆಪ್ತರಾಗಿದ್ದ ಮೂವರಲ್ಲಿ ಸೇರಿದವರು. ರೂಪಾಂತರದ ಬೆಟ್ಟದ ಮೇಲೆ ಇದ್ದವರು. ಯಾಕೋಬನ ನಂಬಿಕೆ ಕಡಿಮೆಯಿತ್ತು ಎಂದು ಆ ಪುಸ್ತಕ ಎಲ್ಲಾದರೂ ಹೇಳಿದೆಯೇ? ಇನ್ನು ಪೇತ್ರನಿಗಾಗಿ ಪ್ರಾರ್ಥಿಸುತ್ತಿದ್ದವರ ನಂಬಿಕೆ ಎಷ್ಟಿತ್ತೆಂದರೆ, ಅವನು ಬಂದು ಬಾಗಿಲು ತಟ್ಟಿದಾಗ, ಪೇತ್ರ ಬಂದಿದ್ದಾನೆ ಎಂದ ಹುಡುಗಿಗೆ ನಿನಗೆ ಹುಚ್ಚು ಎಂದರು! ಬಿಡುಗಡೆ ಬಂದದ್ದು ಅವರ ನಂಬಿಕೆಯ ತೂಕಕ್ಕೆ ಬದಲಾಗಿ ಅಲ್ಲ.

ಯಾಕೆ ಒಬ್ಬನಿಗೆ ಕತ್ತಿ, ಒಬ್ಬನಿಗೆ ದೂತ? ಬೈಬಲ್ ಕಾರಣ ಕೊಡುವುದಿಲ್ಲ. ಬೈಬಲ್ ಕೊಡದ ಕಾರಣವನ್ನು ಸಾವಿನ ಮನೆಯಲ್ಲಿ ನಾವು ಕೊಡುವುದು ಭಂಡತನ. ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯವನ್ನು ನಾವು ನಂಬಿಕೆಯ ವೀರರ ಅಧ್ಯಾಯ ಎನ್ನುತ್ತೇವೆ. ಸಿಂಹಗಳ ಬಾಯಿ ಮುಚ್ಚಿಸಿದವರು ಅದರಲ್ಲಿದ್ದಾರೆ. ಕಲ್ಲೆಸೆತಕ್ಕೆ ಸತ್ತವರು, ಗರಗಸದಿಂದ ಕೊಯ್ಯಲ್ಪಟ್ಟವರು, ಕುರಿಚರ್ಮ ಹೊದ್ದು ಅಲೆದವರೂ ಅದೇ ಪಟ್ಟಿಯಲ್ಲಿದ್ದಾರೆ. ಎರಡು ದರ್ಜೆ ಮಾಡಿಲ್ಲ. ಪೌಲ ತನ್ನ ಶರೀರದ ಶೂಲಕ್ಕಾಗಿ ಮೂರು ಸಲ ಬೇಡಿಕೊಂಡ. ಶೂಲ ಹೋಗಲಿಲ್ಲ, ಕೃಪೆ ಸಿಕ್ಕಿತು. ಗೆತ್ಸೇಮನೆಯಲ್ಲಿ ದೂರವಾಗಲಿ ಎಂದು ಸ್ವಾಮಿಯೇ ಬೇಡಿದ ಪಾತ್ರೆ ದೂರವಾಗಲಿಲ್ಲ. ನಂಬಿಕೆ ಸಾಕಷ್ಟಿದ್ದರೆ ಕೇಳಿದ್ದು ಸಿಕ್ಕೇ ಸಿಗುತ್ತದೆ ಎಂಬ ನಮ್ಮ ಬೋಧನೆ ಗೆತ್ಸೇಮನೆಯ ಮುಂದೆ ನಿಲ್ಲಲಾರದು.

ಬೆಂಕಿಯ ಕುಲುಮೆಯ ಎದುರು ನಿಂತ ಶದ್ರಕ್, ಮೇಶಕ್, ಅಬೇದ್‌ನೆಗೋ ಎಂಬ ಮೂವರು ತರುಣರ ಮಾತನ್ನು ಇಲ್ಲಿ ನೆನೆಯಬೇಕು. ನಮ್ಮ ದೇವರು ಬಿಡಿಸಬಲ್ಲ, ಬಿಡಿಸದೆ ಹೋದರೂ ನಿನ್ನ ವಿಗ್ರಹಕ್ಕೆ ಅಡ್ಡಬೀಳುವವರಲ್ಲ ಎಂದರು ಅರಸನಿಗೆ. ಬಿಡಿಸುತ್ತಾನೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ. ತಾವು ಯಾರವರು ಎಂಬುದು ಗೊತ್ತಿತ್ತು. ಕುಲುಮೆಯ ಬಾಗಿಲಲ್ಲಿ ಅದೇ ಅವರಿಗೆ ಸಾಕಾಯಿತು. ನನ್ನ ಮಟ್ಟಿಗೆ ಭರವಸೆಯ ಹುರುಳೆಲ್ಲ ಇಷ್ಟರಲ್ಲೇ ಇದೆ.

ಹಾಗಾದರೆ ಮುಂದೇನಾಗುತ್ತದೋ ತಿಳಿಯದವನು ಭರವಸೆಯಿಂದ ಏನು ಮಾಡುತ್ತಾನೆ? ಇದಕ್ಕೂ ಯೆರೆಮೀಯನಲ್ಲೇ ಉತ್ತರವಿದೆ, 32ನೇ ಅಧ್ಯಾಯ. ಬಾಬೆಲಿನ ದಂಡು ಯೆರೂಸಲೇಮಿಗೆ ಮತ್ತೊಮ್ಮೆ ಮುತ್ತಿಗೆ ಹಾಕಿದೆ. ಗೋಡೆಗೆ ಎದುರಾಗಿ ದಿಬ್ಬ ಎದ್ದಿದೆ. ಊರು ಬೀಳುತ್ತದೆ ಎಂದು ಸಾರಿದ್ದಕ್ಕೆ ಯೆರೆಮೀಯ ಕಾವಲಿನ ಅಂಗಳದಲ್ಲಿ ಬಂದಿ. ಆಗ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿರುವ ನನ್ನ ಹೊಲವನ್ನು ನೀನು ಕೊಂಡುಕೋ ಎನ್ನುತ್ತಾನೆ. ಅನಾತೋತ್ ಯೆರೂಸಲೇಮಿನ ಪಕ್ಕದ ಹಳ್ಳಿ, ಯೆರೆಮೀಯನ ಹುಟ್ಟೂರು. ಮುತ್ತಿಗೆಯ ಆಚೆ, ಶತ್ರುವಿನ ಕೈಯಲ್ಲಿರುವ ಹೊಲ! ಬುದ್ಧಿಯಿದ್ದವರು ಯಾರೂ ಕೊಳ್ಳರು. ದೇವರ ಮಾತಿನಂತೆ ಯೆರೆಮೀಯ ಕೊಂಡ.

ಕೊಂಡ ಬಗೆಯನ್ನು ಆ ಅಧ್ಯಾಯ ಸಬ್‌ರಿಜಿಸ್ಟ್ರಾರ್ ಕಚೇರಿಯ ಗುಮಾಸ್ತನಷ್ಟು ಕಟ್ಟುನಿಟ್ಟಾಗಿ ದಾಖಲಿಸಿದೆ. ಬೆಲೆ 17 ಶೆಕೆಲ್ ಬೆಳ್ಳಿ, ನಮ್ಮ ಲೆಕ್ಕದಲ್ಲಿ ಸುಮಾರು 200 ಗ್ರಾಂ. ತಕ್ಕಡಿಯಲ್ಲಿ ತೂಗಿ ಕೊಟ್ಟ. ಕ್ರಯಪತ್ರಕ್ಕೆ ರುಜು ಹಾಕಿದ, ಮುದ್ರೆ ಒತ್ತಿದ, ಸಾಕ್ಷಿಗಳ ಸಹಿ ಹಾಕಿಸಿದ. ಮುದ್ರೆ ಹಾಕಿದ್ದೊಂದು, ತೆರೆದದ್ದೊಂದು, ಎರಡು ಪ್ರತಿ. ಕಾವಲಂಗಳದಲ್ಲಿ ಕೂತಿದ್ದ ಎಲ್ಲರ ಕಣ್ಣೆದುರಿಗೆ ಅವನ್ನು ಲಿಪಿಕಾರ ಬಾರೂಕನಿಗೆ ಕೊಟ್ಟು, ಬಹುಕಾಲ ಉಳಿಯುವಂತೆ ಮಣ್ಣಿನ ಗಡಿಗೆಯಲ್ಲಿಡು ಎಂದ. ಈ ನಾಡಿನಲ್ಲಿ ಮನೆ, ಹೊಲ, ದ್ರಾಕ್ಷಿತೋಟಗಳ ಕ್ರಯವಿಕ್ರಯ ತಿರುಗಿ ನಡೆಯುತ್ತದೆ ಎಂಬುದಕ್ಕೆ ಆ ಗಡಿಗೆ ಗುರುತು.

ಕ್ರಯ ಮುಗಿದ ಮೇಲೆ ಯೆರೆಮೀಯ ಪ್ರಾರ್ಥಿಸಿದ. ಅದು ಗಲಿಬಿಲಿಯ ಪ್ರಾರ್ಥನೆ. ದಿಬ್ಬಗಳು ಎದ್ದಿವೆ, ಊರು ಶತ್ರುವಿನ ಪಾಲಾಗುತ್ತಿದೆ, ನೀನು ನೋಡುತ್ತಲೇ ಇದ್ದೀ, ಇಂಥ ಹೊತ್ತಿನಲ್ಲಿ ಹೊಲ ಕೊಳ್ಳೆಂದೆಯಲ್ಲ ಸ್ವಾಮಿ ಎಂಬ ಧಾಟಿ. ಅಂದರೆ ಅನುಮಾನವೆಲ್ಲ ತೀರಿದ ಮೇಲೆ ಅವನು ಬೆಳ್ಳಿ ತೂಗಲಿಲ್ಲ. ತೂಗಿ ಕೊಟ್ಟು ಬಂದು ಕೇಳಿದ. ನಮ್ಮ ಕೂಟಗಳಲ್ಲಿ ಸಂಶಯ ಬಂದವರು ಬಾಯಿ ಮುಚ್ಚಿಕೊಂಡು ಕೂರಬೇಕಾಗಿದೆ. ಪ್ರವಾದಿಗಿದ್ದ ಸ್ವಾತಂತ್ರ್ಯ ನಮ್ಮ ಸಭೆಯ ಅಮ್ಮಂದಿರಿಗೆ ಇಲ್ಲವೇ?

ಆ ಹೊಲವನ್ನು ಯೆರೆಮೀಯ ಉಳಲಿಲ್ಲ. ಊರು ಬಿತ್ತು, ದೇವಾಲಯ ಸುಟ್ಟಿತು. ಉಳಿದ ಜನ ಅವನನ್ನು ಐಗುಪ್ತಕ್ಕೆ ಕರೆದೊಯ್ದರು. ಹೊಲದ ಮೇಲೆ ಒಂದು ಕಾಳು ಬಿತ್ತಿದ ಸುದ್ದಿಯೂ ನಮಗಿಲ್ಲ. ಆದರೆ ಎಜ್ರನ ಪುಸ್ತಕದ 2ನೇ ಅಧ್ಯಾಯದಲ್ಲಿ ಒಂದು ಪಟ್ಟಿಯಿದೆ. ಕ್ರಿ.ಪೂ. 539ರಲ್ಲಿ ಪಾರಸಿಯ ಕೋರೆಷ ಬಾಬೆಲನ್ನು ಗೆದ್ದ ಬಳಿಕ ಊರಿಗೆ ಮರಳಿದವರ ಲೆಕ್ಕ ಅದು. ಓದಲು ಬೇಸರ ತರಿಸುವ ಹೆಸರುಗಳ ಸಾಲು, ನಾವು ಹಾರಿಸಿಬಿಡುತ್ತೇವೆ. ಅದರಲ್ಲಿ 23ನೇ ವಚನ: ಅನಾತೋತಿನವರು 128 ಮಂದಿ.

ಇಪ್ಪತ್ತನೆಯ ಶತಮಾನದಲ್ಲಿ ಯೆರೆಮೀಯನ ಆ 32ನೇ ಅಧ್ಯಾಯವನ್ನು ಹಿಡಿದು ನಿಂತ ಒಬ್ಬ ಸಭಾಪಾಲಕನಿದ್ದ, ಜರ್ಮನಿಯ ಡೀಟ್ರಿಶ್ ಬೊನ್‌ಹೋಫರ್. ಹಿಟ್ಲರನ ಆಡಳಿತವನ್ನು ವಿರೋಧಿಸಿದವನು. 1943ರ ಜನವರಿಯಲ್ಲಿ ಮರಿಯಾ ಫಾನ್ ವೇಡೆಮೆಯರ್ ಎಂಬ ತರುಣಿಯೊಡನೆ ಅವನ ಮದುವೆ ನಿಶ್ಚಯವಾಯಿತು. ಏಪ್ರಿಲ್‌ನಲ್ಲಿ ಬಂಧನವಾಯಿತು. ಬರ್ಲಿನ್ನಿನ ಟೇಗಲ್ ಸೆರೆಮನೆಯಿಂದ ಅದೇ ವರ್ಷದ ಆಗಸ್ಟ್‌ನಲ್ಲಿ ಮರಿಯಾಗೆ ಬರೆದ ಪತ್ರದಲ್ಲಿ ಅವನು ನೆನೆದದ್ದು ಯೆರೆಮೀಯನ ಹೊಲದ ಕ್ರಯವನ್ನು. ತಮ್ಮ ಮದುವೆಯನ್ನೂ ಆ ಸಾಲಿಗೇ ಸೇರಿಸಿದ. ಬಾಂಬು ಬೀಳುವ ಊರಿನಲ್ಲಿ, ಬೀಗ ಹಾಕಿದ ಕೋಣೆಯೊಳಗೆ ಕೂತು ಮದುವೆಯ ಮಾತು. ಮದುವೆ ನಡೆಯಲಿಲ್ಲ. 1945ರ ಏಪ್ರಿಲ್ 9ರಂದು ಫ್ಲಾಸನ್‌ಬ್ಯುರ್ಗ್ ಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು. ಯುರೋಪಿನಲ್ಲಿ ಯುದ್ಧ ಮುಗಿಯಲು ಒಂದು ತಿಂಗಳಷ್ಟೇ ಉಳಿದಿತ್ತು. ಅವನಿಗೆ 39 ವರ್ಷ. ಆ ಮನುಷ್ಯನ ಭರವಸೆ ಸುಳ್ಳಾಯಿತು ಎನ್ನುವಿರಾ? ಹನನ್ಯನ ಅಳತೆಗೋಲಿನಲ್ಲಿ ಸುಳ್ಳಾಯಿತು. ಬೇರೆ ಅಳತೆಗೋಲು ನಮ್ಮಲ್ಲಿದೆ ಎಂಬುದಕ್ಕೇ ನಾವು ಶಿಲುಬೆಯನ್ನು ಗುಡಿಯ ಮೇಲೆ ಇಟ್ಟುಕೊಂಡಿರುವುದು.

ಪ್ರಿಯರೇ, ಕೆಲವು ಬಿನ್ನಹಗಳನ್ನು ಮುಂದಿಡುತ್ತೇನೆ.

ರೋಗಿಯ ಮನೆಗೆ ಹೋದಾಗ ಪ್ರಾರ್ಥನೆಗೆ ಮುಂಚೆ, ಮಾತ್ರೆ ತಗೊಂಡಿರಾ, ಮುಂದಿನ ಚೆಕಪ್ ಯಾವಾಗ, ದುಡ್ಡಿಗೆ ತೊಂದರೆ ಇದೆಯಾ ಎಂದು ಕೇಳಿ. ಮಾತ್ರೆ ಕೈಯಲ್ಲಿಟ್ಟು, ನೀರು ಕೊಟ್ಟು, ಆಮೇಲೆ ತಲೆ ಮೇಲೆ ಕೈಯಿಡಿ. ಉಪವಾಸ ಪ್ರಾರ್ಥನೆಗೆ ಸಕ್ಕರೆ ಕಾಯಿಲೆಯವರನ್ನು, ಬಸುರಿಯರನ್ನು, ಮೂರ್ಛೆರೋಗದವರನ್ನು ಕೂರಿಸಬೇಡಿ. ಅವರ ಪರವಾಗಿ ನೀವು ಉಪವಾಸ ಮಾಡಿ. ಮನಸ್ಸಿನ ಕಾಯಿಲೆಯ ಮಾತ್ರೆಗಳನ್ನೂ ಇದೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಅವನ್ನು ಥಟ್ಟನೆ ಬಿಡಿಸಿ ಏನಾಯಿತೆಂಬ ಕತೆಗಳು ನಿಮಗೂ ಗೊತ್ತಿವೆ, ಹೇಳಿಕೊಳ್ಳುವುದಿಲ್ಲ ಅಷ್ಟೇ.

ದೇವರ ಹೆಸರಿನಲ್ಲಿ ತಾರೀಕು ಕೊಡಬೇಡಿ. ಗುಣವಾಗಲೆಂದು ಗೋಗರೆದು ಬೇಡಿ, ನಾನೂ ಬೇಡುತ್ತೇನೆ. ಯೆರೆಮೀಯನಂತೆ ಆಮೆನ್ ಅನ್ನಿ. ಮೂರು ದಿನ, ಮೂರು ವಾರ ಎಂದು ಮಾತ್ರ ಹೇಳಬೇಡಿ.

ಸಾಕ್ಷಿಯ ಸಮಯದಲ್ಲಿ ಡಾಕ್ಟರು, ಔಷಧ, ರಕ್ತ ಕೊಟ್ಟ ಅಪರಿಚಿತ ಹುಡುಗ ಎಲ್ಲರ ಹೆಸರೂ ಬರಲಿ. ದೇವರ ಮಹಿಮೆ ಅದರಿಂದ ಕಮ್ಮಿಯಾಗದು. ಬೇಡಿದ್ದು ಸಿಗದವರಿಗೂ ಮೈಕು ಕೊಡಿ. ಮಗ ಉಳಿಯಲಿಲ್ಲ, ಆದರೂ ಭಾನುವಾರ ಇಲ್ಲಿಗೆ ಬರುತ್ತಿದ್ದೇನೆ ಎಂದು ಒಬ್ಬ ತಂದೆ ಹೇಳಿದರೆ, ಆ ಎರಡು ಮಾತನ್ನು ಅರ್ಧ ಗಂಟೆಯ ಅದ್ಭುತಕತೆಯ ಪಕ್ಕದಲ್ಲಿಡಿ. ಸಭೆ ತೂಗಿ ನೋಡಲಿ.

ಸಾವಿನ ಮನೆಯಲ್ಲಿ ಕಾರಣ ಹೇಳಬೇಡಿ. ಅನ್ನ ಸಾರು ತನ್ನಿ. ಮರಣ ಪ್ರಮಾಣಪತ್ರ, ಬ್ಯಾಂಕಿನ ಫಾರಂ, ವಿಧವಾ ವೇತನದ ಅರ್ಜಿ ಇವಕ್ಕೆಲ್ಲ ಓಡಾಡುವವರು ಬೇಕು. ನಿಮ್ಮ ಗುಂಪಿನಲ್ಲಿ ಬೈಕ್ ಇರುವ ಹುಡುಗರಿದ್ದಾರೆ. ಆಕೆ ಅತ್ತರೆ ಅಳಲಿ, ದೇವರ ಮೇಲೆ ಸಿಟ್ಟು ಮಾಡಿದರೂ ಮಾಡಲಿ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದನ್ನು ಬೈಬಲ್ಲಿನಿಂದ ಯಾರೂ ತೆಗೆದುಹಾಕಿಲ್ಲ.

ಬರುವ ಡಿಸೆಂಬರ್ 31ಕ್ಕೆ ಕಾರ್ಡು ಹಂಚುವ ಮೊದಲು ಯೆರೆಮೀಯ 29ರ ಮೊದಲ 14 ವಚನಗಳನ್ನು ಸಭೆಗೆ ಗಟ್ಟಿಯಾಗಿ ಓದಿಸಿ. ಐದು ನಿಮಿಷವೂ ಹಿಡಿಯದು. ಆಮೇಲೆ ಎತ್ತಿಕೊಳ್ಳುವ ಕಾರ್ಡನ್ನು ಜನ ಬೇರೆ ರೀತಿಯಲ್ಲಿ ಹಿಡಿದುಕೊಳ್ಳುತ್ತಾರೆ.

ಈ ಪತ್ರದಿಂದ ಕೆಲವರಿಗೆ ಕೋಪ ಬರಬಹುದು. ಯೆರೆಮೀಯನ ಪತ್ರಕ್ಕೂ ಬಾಬೆಲಿನಿಂದ ಉತ್ತರ ಬಂದಿತ್ತು: ಶೆಮಾಯ ಎಂಬವನು ಯೆರೂಸಲೇಮಿನ ಯಾಜಕನಿಗೆ ಬರೆದು, ಇಂಥ ಹುಚ್ಚನಿಗೆ ಇನ್ನೂ ಕೋಳ ಹಾಕಿಸಿಲ್ಲವೇಕೆ ಎಂದು ಕೇಳಿದ್ದ. ನೀವೂ ಬರೆಯಿರಿ, ಓದುತ್ತೇನೆ. ಬರೆಯಲು ಕೂರುವ ಮುಂಚೆ ಒಂದು ಕೆಲಸ ಮಾತ್ರ ಮಾಡಿ. ನಿಮ್ಮ ಪ್ರಾರ್ಥನಾ ಪಟ್ಟಿಯಲ್ಲಿರುವ ರೋಗಿಗಳಿಗೆ ಇವತ್ತೇ ಒಬ್ಬೊಬ್ಬರಿಗೂ ಫೋನ್ ಮಾಡಿ, ಯಾರಾದರೂ ಔಷಧ ಬಿಟ್ಟಿದ್ದಾರೆಯೇ ಎಂದು ಕೇಳಿ. ಬಿಟ್ಟಿದ್ದರೆ ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಓಪಿಡಿಯ ಸಾಲಿನಲ್ಲಿ ಪ್ರಾರ್ಥಿಸಲು ಬೇಕಾದಷ್ಟು ಹೊತ್ತು ಸಿಗುತ್ತದೆ.

ಕರ್ತನಲ್ಲಿ ನಿಮ್ಮ ಸಹೋದರಿ,
ಒಬ್ಬ ನಿವೃತ್ತ ನರ್ಸ್